ಅಜ್ಜಿ ಗೊತ್ತು ಮಾಡಿದ ದಿನ ಶುರುವಾದ ಮಾಲ್ಗುಡಿ

ಮಾಲ್ಗುಡಿ ಡೇಸ್ ಅಂದ ಕೂಡಲೇ ನಮ್ಮಲ್ಲಿ ನಲವತ್ತು ದಾಟಿದವರಿಗೆಲ್ಲ ದೂರದರ್ಶನ, ಶಂಕರ್‌ನಾಗ್, ಆಗುಂಬೆಯ ಬೀದಿ, ಆ ತುಂಟ ಹುಡುಗ ಸ್ವಾಮಿ ನೆನಪಾಗುತ್ತಾರೆ. ಆ ಕಥೆಗಳನ್ನು ಬರೆದ ಆರ್.ಕೆ. ನಾರಾಯಣ್ ನಮ್ಮ ಮೈಸೂರಿನಲ್ಲೇ ಬಾಳಿದವರು ಅನ್ನೋದೂ ಹಲವರಿಗೆ ಗೊತ್ತು. ಆದರೆ ಅವರ ಕೈಯಲ್ಲಿ ಪೆನ್ನು ನಿಲ್ಲುವಂತೆ ಮಾಡಿದ್ದರಲ್ಲಿ ಒಬ್ಬ ಅಜ್ಜಿಯ ಪಾಲೂ ದೊಡ್ಡದಿದೆ. ಅದನ್ನು ಹೇಳುವವರು ಕಡಿಮೆ.

ನಾರಾಯಣ್ ಹುಟ್ಟಿದ್ದು 1906ರ ಅಕ್ಟೋಬರ್ 10ರಂದು, ಮದರಾಸಿನಲ್ಲಿ. ತಂದೆ ಕೃಷ್ಣಸ್ವಾಮಿ ಅಯ್ಯರ್ ಮೈಸೂರು ಸಂಸ್ಥಾನದಲ್ಲಿ ಹೆಡ್‌ಮಾಸ್ಟರು. ಇವತ್ತು ಈ ಊರು, ನಾಳೆ ಇನ್ನೊಂದು ಊರು ಅಂತ ವರ್ಗ ಆಗುತ್ತಲೇ ಇತ್ತು. ಮನೆಯಲ್ಲಿ ಮಕ್ಕಳೂ ಹೆಚ್ಚು. ಹಾಗಾಗಿ ಈ ಹುಡುಗ ತೀರಾ ಚಿಕ್ಕವನಿದ್ದಾಗಲೇ ಮದರಾಸಿನ ಪುರಸವಾಕ್ಕಂನಲ್ಲಿದ್ದ ತಾಯಿಯ ತಾಯಿಯ ಮನೆ ಸೇರಿದ. ಅಜ್ಜಿಯ ಹೆಸರು ಪಾರ್ವತಿ, ಎಲ್ಲರ ಬಾಯಲ್ಲಿ ಅಮ್ಮಣಿ. ಅವರು ಮೊಮ್ಮಗನನ್ನು ಕರೆಯುತ್ತಿದ್ದದ್ದು ಕುಂಜಪ್ಪ ಅಂತ.

ತಂದೆ ತಾಯಿ, ಒಡಹುಟ್ಟಿದವರು ಎಲ್ಲೋ ದೂರ. ಮಗು ಒಂದೇ ಇಲ್ಲಿ. ಜೊತೆಗೆ ಆಡೋಕೆ ಇದ್ದದ್ದು ಒಂದು ನವಿಲು, ಒಂದು ಮಂಗ. ಇಂಥ ಮಗುವನ್ನು ಮುದ್ದು ಮಾಡಿ ಮಾಡಿ ಕೆಡಿಸಿಬಿಡೋದು ಬಹಳ ಸುಲಭ. ಅಮ್ಮಣಿ ಹಾಗೆ ಮಾಡಲಿಲ್ಲ. ಸಂಜೆಯಾದರೆ ಹುಡುಗ ಅವರ ಮುಂದೆ ಕೂರಬೇಕು. ಮಗ್ಗಿ ಒಪ್ಪಿಸಬೇಕು, ತಮಿಳು ಅಕ್ಷರ ಹೇಳಬೇಕು, ಅವ್ವೈಯಾರ್ ಪದ್ಯ, ಸಂಸ್ಕೃತ ಶ್ಲೋಕ ಬಾಯಿಪಾಠ ಆಗಿರಬೇಕು. ರಾಗ ಗುರುತಿಸೋದನ್ನೂ ಅವರೇ ಕಲಿಸಿದರು. ಪಾಠ ಒಪ್ಪಿಸದೆ ಊಟದ ಮಾತಿಲ್ಲ. ಮದ್ರಸದಲ್ಲಿ ಮಕ್ಕಳಿಂದ ಪಾಠ ಒಪ್ಪಿಸಿಕೊಳ್ಳುವ ನನಗೆ ಈ ಅಜ್ಜಿ ತುಂಬಾ ಹತ್ತಿರದವರು ಅನಿಸುತ್ತಾರೆ. ಪಾಠ ಮುಗಿದ ಮೇಲೆ ಕಥೆ. ಪುರಾಣದ ಕಥೆ, ಮನೆತನದ ಕಥೆ, ಹಿರಿಯರು ಪಟ್ಟ ಪಾಡು. ಮುಂದೆ ಮಾಲ್ಗುಡಿಯಲ್ಲಿ ನಾವು ಕಾಣುವ ಹರಟೆಯ ಧಾಟಿ ಅಲ್ಲಿಂದಲೇ ಬಂದದ್ದು ಅಂತ ನನ್ನ ಅಂದಾಜು.

ಹೈಸ್ಕೂಲಿನ ಹೊತ್ತಿಗೆ ಹುಡುಗ ಮೈಸೂರಿಗೆ, ತಂದೆಯ ಹತ್ತಿರ ಬಂದ. ತಂದೆ ಆಗ ಮಹಾರಾಜಾ ಹೈಸ್ಕೂಲಿನ ಹೆಡ್‌ಮಾಸ್ಟರು. ಶಾಲೆಯ ಲೈಬ್ರರಿ ಮಗನಿಗೆ ಸಿಕ್ಕಿತು, ಓದಿದ್ದೇ ಓದಿದ್ದು. ಆದರೆ ಪಠ್ಯಪುಸ್ತಕ ಮಾತ್ರ ಹಿಡಿಸಲಿಲ್ಲ. ಕಾಲೇಜು ಪ್ರವೇಶದ ಪರೀಕ್ಷೆಯಲ್ಲಿ ಫೇಲ್! ಹೆಡ್‌ಮಾಸ್ಟರ ಮಗನೇ ಫೇಲಾದರೆ ಊರಲ್ಲಿ ಏನಂತಾರೆ, ಯೋಚಿಸಿ. ಒಂದು ವರ್ಷ ಮನೆಯಲ್ಲೇ ಕೂತು ಓದುತ್ತಾ ಬರೆಯುತ್ತಾ ಕಳೆದ. ಆಮೇಲೆ ಮಹಾರಾಜಾ ಕಾಲೇಜು ಸೇರಿ, ಬಿ.ಎ. ಮುಗಿಸಿದ್ದು 1930ರಲ್ಲಿ. ಚನ್ನಪಟ್ಟಣದಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. ಡ್ರಿಲ್ ಮಾಸ್ಟರ ಬದಲಿಗೆ ಹೋಗಿ ಅಂದದ್ದಕ್ಕೆ ಕೆಲವೇ ದಿನದಲ್ಲಿ ಅದನ್ನೂ ಬಿಟ್ಟು ಬಂದರು. ಓದಿದ ಮಗ, ಸರಕಾರಿ ಕೆಲಸ ಬಿಟ್ಟು ಕಥೆ ಬರೀತೀನಿ ಅಂದರೆ ಯಾವ ಮನೆಯಲ್ಲಾದರೂ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆಗ ನೆರವಿಗೆ ಬಂದದ್ದು ಅಜ್ಜಿಯೇ. ಬೆಂಗಳೂರಿನಲ್ಲಿ ಅವರ ಜೊತೆ ಇದ್ದಾಗ, ಸೆಪ್ಟೆಂಬರ್ ತಿಂಗಳ ಒಂದು ಒಳ್ಳೆಯ ದಿನವನ್ನು ಬರೆಯೋಕೆ ಅಂತ ಅಮ್ಮಣಿಯೇ ಗೊತ್ತು ಮಾಡಿಕೊಟ್ಟರು. ಮೊಮ್ಮಗ ಒಂದು ನೋಟ್‌ಬುಕ್ ಕೊಂಡು ತಂದು ಕೂತ. ಮೊದಲು ಕಣ್ಣ ಮುಂದೆ ಬಂದದ್ದು ಒಂದು ಚಿಕ್ಕ ರೈಲ್ವೇ ಸ್ಟೇಷನ್. ಅದರ ಹೆಸರು ಮಾಲ್ಗುಡಿ. ಹೀಗೆ ಶುರುವಾದದ್ದು ಸ್ವಾಮಿ ಆ್ಯಂಡ್ ಫ್ರೆಂಡ್ಸ್.

ಶುರುವಾಯ್ತು, ಆದರೆ ಅಚ್ಚಾಗಬೇಕಲ್ಲ? ಕಳಿಸಿದ ಕಡೆಯಿಂದೆಲ್ಲ ಹಸ್ತಪ್ರತಿ ವಾಪಸ್. ಹೊಟ್ಟೆಪಾಡಿಗೆ ನಾರಾಯಣ್ ಮದರಾಸಿನ ಜಸ್ಟಿಸ್ ಪತ್ರಿಕೆಗೆ ಮೈಸೂರಿನ ಸುದ್ದಿ ಬರೆದು ಕಳಿಸುತ್ತಿದ್ದರು. ಅದು ಬ್ರಾಹ್ಮಣೇತರ ಚಳವಳಿಯ ಪತ್ರಿಕೆ, ವರದಿಗಾರ ಅಯ್ಯರ್ ಮನೆಯ ಹುಡುಗ! ಕೊನೆಗೆ ಬೇಸತ್ತು, ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ಗೆಳೆಯ ಪೂರ್ಣನಿಗೆ, ಆ ಕಾಗದದ ಕಟ್ಟಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಅಂತ ತಿಳಿಸಿದರು. ಪೂರ್ಣ ಎಸೆಯಲಿಲ್ಲ. ಲೇಖಕ ಗ್ರಹಾಂ ಗ್ರೀನ್‌ಗೆ ಕೊಟ್ಟ. ಗ್ರೀನ್ ಪ್ರಕಾಶಕರನ್ನು ಹುಡುಕಿಕೊಟ್ಟರು, 1935ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಹೊರಬಂತು. ಉದ್ದದ ಹೆಸರು ಚಿಕ್ಕದಾಗಿ ಆರ್.ಕೆ. ನಾರಾಯಣ್ ಆದದ್ದು ಆಗಲೇ.

ಬದುಕು ಸಲೀಸಾಗಿತ್ತು ಅಂತಲ್ಲ. ಮೆಚ್ಚಿ ಮದುವೆಯಾದ ರಾಜಂ 1939ರಲ್ಲಿ ಟೈಫಾಯಿಡ್‌ನಿಂದ ತೀರಿಕೊಂಡರು. ಕೈಯಲ್ಲಿ ಪುಟ್ಟ ಮಗಳು ಹೇಮಾ. ಆ ನೋವಿನ ಕಥೆಯೇ 1945ರ ದಿ ಇಂಗ್ಲಿಷ್ ಟೀಚರ್. ಇನ್ನೊಂದು ಮದುವೆಯಾಗದೆ ಮಗಳನ್ನು ಬೆಳೆಸಿದರು. ಗೈಡ್ ಕಾದಂಬರಿಗೆ 1960ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1964ರಲ್ಲಿ ಪದ್ಮಭೂಷಣ, ಇವೆಲ್ಲ ಆಮೇಲೆ ಬಂದವು.

ನನಗೆ ಮುಖ್ಯ ಅನಿಸೋದು ಬೇರೆಯೇ ಒಂದು ಸಂಗತಿ. ರಾಜ್ಯಸಭೆಗೆ ನಾಮಕರಣಗೊಂಡ ಮೇಲೆ ಅವರು ಅಲ್ಲಿ ಮೊದಲು ಎತ್ತಿದ ವಿಷಯ ಶಾಲಾ ಮಕ್ಕಳ ಬೆನ್ನ ಮೇಲಿನ ಚೀಲದ ಭಾರ. ಆ ಮಾತಿನಿಂದಾಗಿಯೇ ಮುಂದೆ ಯಶ್‌ಪಾಲ್ ಸಮಿತಿ ಬಂತು. ಅಜ್ಜಿ ಮಗ್ಗಿ ಹೇಳಿಸಿದಾಗ ಆಗದ ಭಾರ ಚೀಲದಿಂದ ಹೇಗಾಗುತ್ತದೆ ಅಂತ ಕೇಳಬಹುದು. ಅಜ್ಜಿಯ ಪಾಠದ ಕೊನೆಗೆ ಊಟ ಇತ್ತು, ಕಥೆಯೂ ಇತ್ತು. ಚೀಲದ ಕೊನೆಗೆ ಏನಿದೆ, ಮನೆಯವರೇ ನೋಡಬೇಕು.

ಎಂಬತ್ತು ದಾಟಿದ ಮೇಲೂ ನಾರಾಯಣ್ ಅಜ್ಜಿಯನ್ನು ಬಿಡಲಿಲ್ಲ. ಅಮ್ಮಣಿಯ ತಾಯಿ ಎಳೆಯ ವಯಸ್ಸಿನಲ್ಲಿ, ಊರು ಬಿಟ್ಟು ಹೋದ ಗಂಡನನ್ನು ಹುಡುಕುತ್ತಾ ಒಬ್ಬಳೇ ಪುಣೆಯವರೆಗೂ ಹೋಗಿ ಕರೆತಂದ ಕಥೆಯನ್ನು ಅಜ್ಜಿ ಹೇಳಿದ್ದರು. 1990ರ ದಶಕದಲ್ಲಿ ಅದನ್ನೇ ಅಜ್ಜಿಯ ಕಥೆ ಅನ್ನುವ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ಬರೆದರು. ಅದಕ್ಕೆ ಚಿತ್ರ ಬರೆದದ್ದು ತಮ್ಮ, ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್.

ನಾರಾಯಣ್ ತೀರಿಕೊಂಡದ್ದು 2001ರ ಮೇ 13ರಂದು, ಚೆನ್ನೈನಲ್ಲಿ. ಮೈಸೂರಿನ ಯಾದವಗಿರಿಯಲ್ಲಿ ಅವರು ಕಟ್ಟಿಸಿದ ಮನೆ 2016ರಿಂದ ಮ್ಯೂಸಿಯಂ ಆಗಿದೆ. ಹೊಸ ಅಗ್ರಹಾರ, ಕೆ.ಆರ್. ನಗರದ ಕಡೆಯಿಂದ ಮೈಸೂರಿಗೆ ಆಸ್ಪತ್ರೆಗೋ ಬಟ್ಟೆಗೋ ಹೋದಾಗ ಒಂದು ಗಂಟೆ ಬಿಡುವು ಮಾಡಿಕೊಂಡರೆ ಮಕ್ಕಳಿಗೆ ತೋರಿಸಬಹುದು. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ.