ಕಾನ್ರಾಡ್ ವ್ಯಾಡಿಂಗ್ಟನ್

ಒಂದೇ ಅಂಡದಿಂದ ಹುಟ್ಟಿದ ಜೀವಕೋಶಗಳಲ್ಲಿ ಕೆಲವು ಕಣ್ಣಾಗುತ್ತವೆ, ಕೆಲವು ಚರ್ಮವಾಗುತ್ತವೆ, ಕೆಲವು ಯಕೃತ್ತಾಗುತ್ತವೆ. ಜೀನುಗಳ ಬಂಡವಾಳವು ಎಲ್ಲಕ್ಕೂ ಒಂದೇ ಅಲ್ಲವೆ? ಹಾಗಿದ್ದರೆ ಈ ಭೇದವೆಲ್ಲಿಂದ ಬಂದಿತು? ಈ ಪ್ರಶ್ನೆಯನ್ನು ಜೀವಮಾನವೆಲ್ಲ ಬೆನ್ನಟ್ಟಿದ ವಿಜ್ಞಾನಿ ಕಾನ್ರಾಡ್ ವ್ಯಾಡಿಂಗ್ಟನ್.

ಈತನು 1905ರ ನವೆಂಬರ್ 8ರಂದು ಇಂಗ್ಲೆಂಡಿನ ಈವ್‌ಷಾಮಿನಲ್ಲಿ ಜನಿಸಿದನು. ತಂದೆಯು ದಕ್ಷಿಣ ಭಾರತದಲ್ಲಿ ಚಹದ ತೋಟದ ಕೆಲಸದಲ್ಲಿದ್ದುದರಿಂದ ಬಾಲ್ಯದ ಮೊದಲ ದಿನಗಳು ಇಲ್ಲಿಯೇ ಕಳೆದವು. ನಾಲ್ಕನೆಯ ವಯಸ್ಸಿನಲ್ಲಿ ತಂದೆತಾಯಿಗಳನ್ನು ಅಗಲಿ ಇಂಗ್ಲೆಂಡಿನ ಬಂಧುಗಳ ಮನೆ ಸೇರಿದನು. ಪಳೆಯುಳಿಕೆಗಳನ್ನು ಕೂಡಿಡುವ ಹುಚ್ಚಿದ್ದ ಹುಡುಗ ಕೇಂಬ್ರಿಜ್ಜಿನಲ್ಲಿ ಭೂವಿಜ್ಞಾನವನ್ನು ಓದಿದನು. ಆದರೆ ಕಲ್ಲಾದ ಜೀವಿಗಳಿಗಿಂತ ರೂಪುಗೊಳ್ಳುತ್ತಿರುವ ಜೀವಿಯೇ ಅವನ ಮನಸ್ಸನ್ನು ಸೆಳೆಯಿತು.

ಭ್ರೂಣದ ಒಂದು ಭಾಗವು ಇನ್ನೊಂದು ಭಾಗಕ್ಕೆ ನರಮಂಡಲವಾಗುವಂತೆ ಪ್ರೇರಣೆ ನೀಡುವುದನ್ನು ಜರ್ಮನಿಯ ಸ್ಪೆಮಾನ್ ಉಭಯಚರಗಳಲ್ಲಿ ಕಂಡಿದ್ದನು. ಕೋಳಿಯ ಭ್ರೂಣದಲ್ಲಿಯೂ ಹೀಗೆಯೇ ಎಂದು ವ್ಯಾಡಿಂಗ್ಟನ್ ತೋರಿಸಿದನು. ಮುಂದೆ ನೀಡಂ, ಬ್ರಾಷೆ ಇವರೊಡನೆ ಮಾಡಿದ ಪ್ರಯೋಗಗಳಲ್ಲಿ ಮೆಥಿಲೀನ್ ಬ್ಲೂ ಎಂಬ ಬಣ್ಣವೂ ಅದೇ ಪ್ರೇರಣೆ ನೀಡಬಲ್ಲುದೆಂದು ತಿಳಿಯಿತು. ಎಂದರೆ ಗುಟ್ಟು ಪ್ರೇರಕದಲ್ಲಿ ಮಾತ್ರವಲ್ಲ, ಅದಕ್ಕೆ ಓಗೊಡುವ ಜೀವಕೋಶದ ಸಿದ್ಧತೆಯಲ್ಲಿಯೂ ಇದೆ. ದೇಹದ ಈ ವ್ಯವಸ್ಥೆಯ ಹಿಡಿತದಿಂದ ತಪ್ಪಿಸಿಕೊಂಡ ಜೀವಕೋಶವೇ ಕ್ಯಾನ್ಸರ್ ಆಗಬಹುದೆಂಬ ವಿಚಾರವನ್ನು ಅವನು 1935ರಲ್ಲಿಯೇ ಮುಂದಿಟ್ಟನು.

1942ರಲ್ಲಿ ಜೀನಿಗೂ ರೂಪಕ್ಕೂ ನಡುವಣ ವ್ಯಾಪಾರಗಳ ಅಧ್ಯಯನಕ್ಕೆ ಎಪಿಜೆನೆಟಿಕ್ಸ್ ಎಂದು ಹೆಸರಿಟ್ಟನು. 1947ರಲ್ಲಿ ಎಡಿನ್‌ಬರೋದಲ್ಲಿ ಪ್ರಾಧ್ಯಾಪಕನಾದನು. 1957ರ ಗ್ರಂಥದಲ್ಲಿ ಜೀವಕೋಶವನ್ನು ಬೆಟ್ಟದಿಂದ ಉರುಳುವ ಚೆಂಡಿಗೆ ಹೋಲಿಸಿದನು. ಕಣಿವೆಗಳು ಕವಲೊಡೆಯುತ್ತವೆ, ಒಂದು ಕಣಿವೆಗಿಳಿದ ಚೆಂಡು ಪಕ್ಕದ್ದಕ್ಕೆ ಹಾರುವುದು ಕಷ್ಟ.

ಆ ಕಣಿವೆಯ ದಂಡೆ ಯಾವುದರಿಂದ ಆದುದು? 1975ರಲ್ಲಿ ಅಮೆರಿಕದ ರಿಗ್ಸ್, ಇಂಗ್ಲೆಂಡಿನ ಹಾಲಿಡೇ ಮತ್ತು ಪ್ಯೂ ಬೇರೆಬೇರೆಯಾಗಿ ಒಂದು ಉತ್ತರವನ್ನು ಸೂಚಿಸಿದರು. ಡಿಎನ್‌ಎಗೆ ಅಂಟುವ ಪುಟ್ಟ ಮೀಥೈಲ್ ಗುಂಪು ಜೀನಿಗೆ ಬೀಗದಂತಾಗಬಹುದು; ಜೀವಕೋಶ ಒಡೆದು ಎರಡಾದಾಗ ಆ ಬೀಗವೂ ಮುಂದಿನ ಪೀಳಿಗೆಗೆ ಸಾಗಬಹುದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವ್ಯಾಡಿಂಗ್ಟನ್ ತೀರಿಕೊಂಡನು.

ಯಕೃತ್ತಿನ ಕ್ಯಾನ್ಸರಿನಲ್ಲಿ ಈ ಮಾತಿನ ಅರ್ಥ ಸ್ಪಷ್ಟವಾಗುತ್ತದೆ. ಜೀವಕೋಶದ ಅತಿವೃದ್ಧಿಯನ್ನು ತಡೆಯುವ ಪಿ16 ಎಂಬ ಜೀನಿದೆ. ಅದರ ಓದು ಆರಂಭವಾಗುವ ಹೊಸ್ತಿಲೇ ಪ್ರಮೋಟರ್. ಅನೇಕ ಗಡ್ಡೆಗಳಲ್ಲಿ ಆ ಹೊಸ್ತಿಲಿಗೆ ಮೀಥೈಲ್ ಬೀಗ ಬಿದ್ದಿರುತ್ತದೆ. ಜೀನಿನ ಅಕ್ಷರವೊಂದೂ ಅಳಿಸಿಲ್ಲ. ಆದರೂ ಅದು ಮೂಕ. ಕಾವಲುಗಾರ ಮೌನವಾದ ಮೇಲೆ ಜೀವಕೋಶಕ್ಕೆ ಅಂಕೆಯೆಲ್ಲಿ? ಕ್ಯಾನ್ಸರಿಗೆ ಮುಂಚಿನ ಸಿರೋಸಿಸ್ ಸ್ಥಿತಿಯಲ್ಲಿಯೇ ಇಂಥ ಬೀಗಗಳು ಕೆಲವೊಮ್ಮೆ ಕಾಣುವುದರಿಂದ ರೋಗವನ್ನು ಬೇಗ ಗುರುತಿಸುವ ಆಶೆಯೂ ಇದೆ. ಅಳಿಸಿಹೋದ ಅಕ್ಷರವನ್ನು ಮತ್ತೆ ಬರೆಯುವುದು ಕಠಿಣ, ಬೀಗವನ್ನಾದರೋ ತೆಗೆಯಬಹುದು. ಹಾಗೆ ತೆಗೆಯುವ ಔಷಧಗಳು ಕೆಲವು ರಕ್ತರೋಗಗಳಲ್ಲಿ ಬಳಕೆಗೆ ಬಂದಿವೆ.

ವ್ಯಾಡಿಂಗ್ಟನ್ನನಿಗೆ ಈ ಬೀಗದ ಪರಿಚಯವಿರಲಿಲ್ಲ. ಆದರೆ ಬಾಗಿಲು ಇಲ್ಲಿದೆಯೆಂದು ಮೊದಲು ಕೈತೋರಿದವರಲ್ಲಿ ಅವನೊಬ್ಬನು. ವಿಜ್ಞಾನದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಮಿಗಿಲಾದ ಆದರ್ಶ ಬೇರೇನಿದೆ?