ಬಾಂಬ್ ಹಾಕಿಸಿದ ಅಧ್ಯಕ್ಷರಿಗೆ ಉಕ್ಕಿನ ಕಾರ್ಖಾನೆ ದಕ್ಕಲಿಲ್ಲ

ಅಮೆರಿಕದ ಅಧ್ಯಕ್ಷರು ಆದೇಶಕ್ಕೆ ಸಹಿ ಹಾಕಿ, ಅದನ್ನು ಕ್ಯಾಮೆರಾ ಮುಂದೆ ಎತ್ತಿ ತೋರಿಸುವ ವಿಡಿಯೊ ನೋಡಿದಾಗಲೆಲ್ಲ ನನಗೆ ಹ್ಯಾರಿ ಟ್ರೂಮನ್ ನೆನಪಾಗುತ್ತಾರೆ. ಆ ಸಹಿಗೆ ಎಷ್ಟು ಬಲ, ಅದು ಯಾವಾಗ ಬರೀ ಕಾಗದ ಆಗುತ್ತೆ ಅನ್ನೋದು ಈ ಒಬ್ಬ ಮನುಷ್ಯನ ಬದುಕಲ್ಲೇ ಕಾಣುತ್ತೆ.

ಟ್ರೂಮನ್ ಹುಟ್ಟಿದ್ದು 1884ರಲ್ಲಿ, ಮಿಸ್ಸೌರಿ ರಾಜ್ಯದ ಲಾಮಾರ್ ಎಂಬ ಸಣ್ಣ ಊರಲ್ಲಿ. ಕಾಲೇಜು ಪದವಿ ಇರಲಿಲ್ಲ. ವರ್ಷಗಟ್ಟಲೆ ಹೊಲದಲ್ಲಿ ದುಡಿದರು, ಮೊದಲ ಮಹಾಯುದ್ಧದಲ್ಲಿ ಫಿರಂಗಿ ದಳದ ಕ್ಯಾಪ್ಟನ್ ಆಗಿ ಫ್ರಾನ್ಸಿನಲ್ಲಿ ಹೋರಾಡಿದರು. ವಾಪಸ್ ಬಂದು ಗೆಳೆಯನ ಜತೆ ತೆರೆದ ಬಟ್ಟೆ ಅಂಗಡಿ 1922ರಲ್ಲಿ ಮುಚ್ಚಿತು, ಸಾಲ ಉಳಿಯಿತು. ರಾಜಕೀಯಕ್ಕೆ ಬಂದದ್ದು ಪೆಂಡರ್‌ಗಾಸ್ಟ್ ಎಂಬ ಕನ್ಸಾಸ್ ಸಿಟಿಯ ರಾಜಕೀಯ ಧಣಿಯ ಬೆಂಬಲದಿಂದ. 1934ರಲ್ಲಿ ಸೆನೆಟ್‌ಗೆ ಗೆದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನಾ ಗುತ್ತಿಗೆಗಳ ದುಂದುವೆಚ್ಚ ಬಯಲಿಗೆಳೆದ ಸಮಿತಿಯನ್ನು ಮುನ್ನಡೆಸಿ ಹೆಸರು ಮಾಡಿದರು. ಅಂದ್ರೆ, ಆಗ ಅವರು ಸರ್ಕಾರವನ್ನು ಲೆಕ್ಕ ಕೇಳುವ ಸಾಲಿನಲ್ಲಿದ್ದರು.

1945ರ ಏಪ್ರಿಲ್ 12ರಂದು ರೂಸ್‌ವೆಲ್ಟ್ ತೀರಿಕೊಂಡಾಗ ಟ್ರೂಮನ್ ಉಪಾಧ್ಯಕ್ಷರಾಗಿ ಮೂರು ತಿಂಗಳೂ ತುಂಬಿರಲಿಲ್ಲ. ಅಣುಬಾಂಬಿನ ಯೋಜನೆಯ ಪೂರ್ತಿ ವಿವರ ತಿಳಿದದ್ದೇ ಅಧ್ಯಕ್ಷರಾದ ಮೇಲೆ. ನಾಲ್ಕು ತಿಂಗಳೊಳಗೆ ಹಿರೋಷಿಮಾ, ನಾಗಸಾಕಿ ಎರಡೂ ಸುಟ್ಟುಹೋದವು. ಅದಕ್ಕಾಗಿ ಸಂಸತ್ತಿನಲ್ಲಿ ಮತ ಹಾಕಿಸಲಿಲ್ಲ, ಕೋರ್ಟಿನ ಒಪ್ಪಿಗೆಯೂ ಬೇಕಾಗಲಿಲ್ಲ. ಆಮೇಲೆ, ತನ್ನ ಅಪ್ಪಣೆ ಇಲ್ಲದೆ ಇನ್ನೊಂದು ಬಾಂಬ್ ಹಾಕಕೂಡದು ಎಂದು ತಡೆದವರೂ ಅವರೇ. ಬೀಗದ ಕೈ ಅಲ್ಲಿಗೆ ಒಬ್ಬರ ಜೇಬು ಸೇರಿತು.

ಸಹಿಯಿಂದ ಒಳ್ಳೆಯದೂ ಆಯಿತು. 1948ರಲ್ಲಿ ಸೇನೆಯೊಳಗಿನ ವರ್ಣಭೇದ ಕೊನೆಗೊಳಿಸಲು ಆದೇಶ ಹೊರಡಿಸಿದರು. ನಾಗರಿಕ ಹಕ್ಕುಗಳ ಕಾನೂನಿಗೆ ದಕ್ಷಿಣದ ಸಂಸದರು ಅಡ್ಡ ನಿಂತಿದ್ದ ಕಾಲ ಅದು. ಆದರೆ ಸೇನೆಯ ದಂಡನಾಯಕನ ಪಟ್ಟವನ್ನು ಅಧ್ಯಕ್ಷರಿಗೆ ಸಂವಿಧಾನವೇ ಕೊಟ್ಟಿತ್ತು.

1950ರ ಕೊರಿಯಾ ಯುದ್ಧದ ಕಥೆ ಬೇರೆ. ಯುದ್ಧ ಘೋಷಿಸುವ ಅಧಿಕಾರ ಇರೋದು ಅಲ್ಲಿನ ಸಂಸತ್ತಿಗೆ. ಟ್ರೂಮನ್ ಕೇಳಲೇ ಇಲ್ಲ. ವಿಶ್ವಸಂಸ್ಥೆಯ ನಿರ್ಣಯ ಮುಂದಿಟ್ಟು ಸೈನ್ಯ ಕಳಿಸಿದರು. ಸಂಸದರೂ ಹಣ ಮಂಜೂರು ಮಾಡುತ್ತಾ ಹೋದರು. 30 ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು. ಸತ್ತ ಕೊರಿಯನ್ನರು ಲಕ್ಷಗಟ್ಟಲೆ.

ಇದೇ ಯುದ್ಧದ ಹೆಸರಲ್ಲಿ ಅವರು ಇನ್ನೊಂದು ಹೆಜ್ಜೆ ಇಟ್ಟರು. 1952ರಲ್ಲಿ ಸಂಬಳದ ಜಗಳದಿಂದ ಉಕ್ಕಿನ ಕಾರ್ಮಿಕರು ಮುಷ್ಕರಕ್ಕೆ ಸಜ್ಜಾಗಿದ್ದರು. ಮುಷ್ಕರವನ್ನು ತಾತ್ಕಾಲಿಕವಾಗಿ ತಡೆಯಲು ಟಾಫ್ಟ್-ಹಾರ್ಟ್ಲಿ ಎಂಬ ಕಾನೂನಿತ್ತು. 1947ರಲ್ಲಿ ಟ್ರೂಮನ್ ಅದನ್ನು ತಿರಸ್ಕರಿಸಿದ್ದರು, ಸಂಸತ್ತು ಅವರನ್ನು ಮೀರಿ ಜಾರಿ ಮಾಡಿತ್ತು. ಈಗ ಆ ದಾರಿ ಬಿಟ್ಟು, ಏಪ್ರಿಲ್ 8ರಂದು ದೇಶದ ದೊಡ್ಡ ಉಕ್ಕಿನ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಳ್ಳುವಂತೆ ಆದೇಶಿಸಿದರು.

ಜೂನ್ 2ರಂದು ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಆದೇಶ ರದ್ದು ಮಾಡಿತು. ಕಾನೂನು ಮಾಡುವ ಕೆಲಸ ಅಧ್ಯಕ್ಷರದ್ದಲ್ಲ ಎಂಬುದು ಬಹುಮತದ ತೀರ್ಪಿನ ತಿರುಳು. ತಾನೇ ಹೊರದೇಶಕ್ಕೆ ಸೈನ್ಯ ಕಳಿಸಿ, ಅದನ್ನೇ ನೆಪ ಮಾಡಿ ಒಳಗೂ ಅಧಿಕಾರ ಹಿಗ್ಗಿಸಿಕೊಳ್ಳುವ ಅಪಾಯವನ್ನು ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಬಿಡಿಸಿಟ್ಟರು. ಆ ಒಂಬತ್ತೂ ನ್ಯಾಯಮೂರ್ತಿಗಳು ರೂಸ್‌ವೆಲ್ಟ್ ಅಥವಾ ಟ್ರೂಮನ್ ನೇಮಿಸಿದವರೇ. ವಿರುದ್ಧ ನಿಂತವರಲ್ಲಿ ಟ್ರೂಮನ್ ಅವರದೇ ಅಟಾರ್ನಿ ಜನರಲ್ ಆಗಿದ್ದ ಟಾಮ್ ಕ್ಲಾರ್ಕ್ ಕೂಡ ಇದ್ದರು. ಟ್ರೂಮನ್‌ಗೆ ಸಿಟ್ಟು ಬಂತು. ಆದರೂ ಕಾರ್ಖಾನೆಗಳನ್ನು ಅಂದೇ ಬಿಟ್ಟುಕೊಟ್ಟರು. ಮುಷ್ಕರ ಏಳು ವಾರ ನಡೆಯಿತು.

ನನಗೆ ಮುಖ್ಯ ಅನ್ನಿಸೋದು ಇದು: ಎರಡೂ ಕಡೆ ಇದ್ದದ್ದು ಅದೇ ಸಂವಿಧಾನ, ಅದೇ ಅಧ್ಯಕ್ಷರು. ಉಕ್ಕಿನ ವಿಷಯದಲ್ಲಿ ಆಗಲ್ಲ ಅನ್ನುವವರಿದ್ದರು, ಕೊರಿಯಾ ವಿಷಯದಲ್ಲಿ ತಡೆಯಬೇಕಾದ ಸಂಸತ್ತು ತಡೆಯಲಿಲ್ಲ. ಎರಡೂ ಮೇಲ್ಪಂಕ್ತಿಯಾದವು. 1974ರಲ್ಲಿ ನಿಕ್ಸನ್ ಕೋರ್ಟಿಗೆ ಮಣಿದು ಟೇಪುಗಳನ್ನು ಒಪ್ಪಿಸಬೇಕಾಯಿತು. ಇತ್ತ 1942ರ ನಂತರ ಅಮೆರಿಕದ ಸಂಸತ್ತು ವಿಧ್ಯುಕ್ತವಾಗಿ ಯುದ್ಧ ಘೋಷಿಸಿಯೇ ಇಲ್ಲ, ಯುದ್ಧಗಳು ಮಾತ್ರ ನಿಂತಿಲ್ಲ.

1953ರ ಜನವರಿಯಲ್ಲಿ ಟ್ರೂಮನ್ ರೈಲು ಹತ್ತಿ ತಮ್ಮ ಊರು ಇಂಡಿಪೆಂಡೆನ್ಸ್‌ಗೆ ಮರಳಿದರು. ಮಾಜಿ ಅಧ್ಯಕ್ಷರಿಗೆ ಆಗಿನ್ನೂ ಪಿಂಚಣಿ ಇರಲಿಲ್ಲ. 1972ರ ಡಿಸೆಂಬರ್ 26ರಂದು ತೀರಿಕೊಂಡರು. ಅಷ್ಟು ಅಧಿಕಾರ ಹಿಡಿದಿದ್ದ ಮನುಷ್ಯ ಅವಧಿ ಮುಗಿದ ದಿನ ಎದ್ದು ಮನೆಗೆ ಹೋದರು. ಅವರು ಹಿಗ್ಗಿಸಿದ ಅಧಿಕಾರ ಮಾತ್ರ ಅವರ ಜತೆ ರೈಲು ಹತ್ತಲಿಲ್ಲ, ಮುಂದಿನವರಿಗಾಗಿ ಶ್ವೇತಭವನದಲ್ಲೇ ಉಳಿಯಿತು.