ಬಾವಲಿಯ ಗುಟ್ಟನ್ನು ಅರಸಿದ ಸ್ಪಲ್ಲಾಂಜಾನಿ

ಅಹಮದಾಬಾದು, ವಡೋದರಾ, ಸೂರತ್ ನಗರಗಳಲ್ಲಿ ರಾತ್ರಿ ಹೋಟೆಲಿನ ಬಾಗಿಲು ಹಾಕಿ ಕೋಣೆಗೆ ಮರಳುವ ನಮ್ಮ ಬಂಧುಗಳು ಬೀದಿದೀಪದ ಸುತ್ತ ಹುಳುಗಳನ್ನು ಬೆನ್ನಟ್ಟುವ ಚಿಕ್ಕ ಬಾವಲಿಗಳನ್ನು ಕಂಡೇ ಇರುವರು. ಗುಜರಾತಿಗಳು ಚಾಮಾಚೀಡಿಯುಂ ಎಂದು ಕರೆಯುವ ಈ ಜೀವಿ ಕತ್ತಲಲ್ಲಿ ತಂತಿಗೂ ಗೋಡೆಗೂ ಬಡಿಯದೆ ಹಾರುವುದು ಹೇಗೆ? ಇದನ್ನು ಪ್ರಯೋಗದಿಂದ ವಿಚಾರಿಸಿದವನು ಇಟಲಿಯ ಪಾದ್ರಿ ಲಾಜರೋ ಸ್ಪಲ್ಲಾಂಜಾನಿ.

1729ರಲ್ಲಿ ಸ್ಕಾಂಡಿಯಾನೋ ಎಂಬ ಊರಿನಲ್ಲಿ ಈತನು ಜನಿಸಿದನು. ಕಾನೂನು ಓದಲು ಬೊಲೋನ್ಯಾಕ್ಕೆ ಹೋದವನನ್ನು ಅಲ್ಲಿ ಪ್ರಾಧ್ಯಾಪಕಿಯಾಗಿದ್ದ ಬಂಧು ಲಾರಾ ಬಾಸ್ಸಿ ವಿಜ್ಞಾನದ ಕಡೆಗೆ ಸೆಳೆದಳು. ಚೆನ್ನಾಗಿ ಕುದಿಸಿ ಗಾಳಿಯಾಡದಂತೆ ಮುಚ್ಚಿದ ಸಾರಿನಲ್ಲಿ ಸೂಕ್ಷ್ಮಜೀವಿಗಳು ತಾವಾಗಿ ಹುಟ್ಟವೆಂದು ಈತನು ತೋರಿಸಿದನು; ಅಡುಗೆಮನೆಯ ಅನುಭವವುಳ್ಳ ನಮ್ಮವರಿಗೆ ಇದರ ಬೆಲೆ ತಿಳಿಯದಿರದು. 1769ರಲ್ಲಿ ಪಾವಿಯಾ ವಿಶ್ವವಿದ್ಯಾನಿಲಯವನ್ನು ಸೇರಿದನು.

1793ರಲ್ಲಿ, ಅರವತ್ತನಾಲ್ಕರ ವಯಸ್ಸಿನಲ್ಲಿ, ಈತನು ಒಂದು ವಿಚಿತ್ರವನ್ನು ಗಮನಿಸಿದನು. ಮೇಣದಬತ್ತಿ ಆರಿದೊಡನೆ ಸಾಕಿದ ಗೂಬೆ ಗೋಡೆಗೆ ಬಡಿಯಿತು. ಬಾವಲಿಗೆ ಮಾತ್ರ ಏನೂ ಆಗಲಿಲ್ಲ. ಬಾವಲಿಗಳ ಕಣ್ಣು ಕಿತ್ತು ನೋಡಿದನು. ಇಂದಿನ ಮನಸ್ಸಿಗೆ ಇದು ಕ್ರೌರ್ಯವೇ ಸರಿ. ಆದರೂ ಅವು ಮೊದಲಿನಂತೆಯೇ ಹಾರಿದುವು. ಗಂಟೆಗೋಪುರಕ್ಕೆ ಮರಳಿದ ಕುರುಡು ಬಾವಲಿಗಳನ್ನು ಮತ್ತೆ ಹಿಡಿದು ನೋಡಿದರೆ ಹೊಟ್ಟೆಯ ತುಂಬ ಹುಳುಗಳು! ಜಿನೀವಾದ ಲೂಯಿ ಜ್ಯೂರಿನ್ ಕಿವಿಗಳನ್ನು ಮುಚ್ಚಿದಾಗ ಬಾವಲಿಗಳು ದಾರಿಗೆಟ್ಟವೆಂದು ತಿಳಿದ ಸ್ಪಲ್ಲಾಂಜಾನಿ, ಅವುಗಳ ಕಿವಿಗೆ ಸಣ್ಣ ಹಿತ್ತಾಳೆಯ ನಳಿಕೆಗಳನ್ನಿಟ್ಟನು. ನಳಿಕೆ ತೆರೆದಿದ್ದರೆ ಹಾರಾಟ ಸರಾಗ, ಮುಚ್ಚಿದರೆ ಡಿಕ್ಕಿ. ಆದರೆ ಮೌನವಾಗಿ ಹಾರುವ ಪ್ರಾಣಿ ಕೇಳುವುದಾದರೂ ಏನನ್ನು? ಉತ್ತರ ದೊರೆಯದೆ 1799ರಲ್ಲಿ ಈತನು ತೀರಿಕೊಂಡನು. ಬಾವಲಿಗೆ ಸ್ಪರ್ಶವೇ ಆಧಾರವೆಂದು ಪ್ಯಾರಿಸಿನ ಕ್ಯೂವಿಯೇ ಹೇಳಲು, ಪಂಡಿತಲೋಕ ಆ ದೊಡ್ಡ ಹೆಸರನ್ನೇ ನಂಬಿತು. ನಮಗಿದು ವಿಷಾದಕರವಾಗಿ ತೋರುತ್ತದೆ.

1938ರಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿ ಡೊನಾಲ್ಡ್ ಗ್ರಿಫಿನ್ ಬಾವಲಿಗಳನ್ನು ಹೊಸ ಯಂತ್ರವೊಂದರ ಮುಂದೆ ತಂದಾಗ, ಮನುಷ್ಯನ ಕಿವಿಗೆ ನಿಲುಕದ ಅವುಗಳ ಕೂಗು ಬಯಲಾಯಿತು. ಅದರ ಮಾರ್ದನಿಯೇ ಅವಕ್ಕೆ ದಾರಿ ತೋರುತ್ತದೆ. ಮರಕ್ಕೆ ಜೋತು ಬೀಳುವ ದೊಡ್ಡ ವಾಗೋಳ ಮಾತ್ರ ಕಣ್ಣನ್ನೇ ನೆಚ್ಚುತ್ತದೆ.

ಇಂದು ಸಂಶೋಧಕರು ಈ ಕೂಗನ್ನು ಮುದ್ರಿಸಿಕೊಂಡು, ಬಾವಲಿಯನ್ನು ಹಿಡಿಯದೆಯೇ ಅದರ ಜಾತಿಯನ್ನು ಗುರುತಿಸಲು ಯತ್ನಿಸುತ್ತಾರೆ. ಕೆಲವು ಜಾತಿಗಳ ಸ್ವರಗಳು ಹೋಲುವುದರಿಂದ ಎಚ್ಚರ ಅಗತ್ಯ. ನಮ್ಮ ಕೋಲಾರದ ಹನುಮನಹಳ್ಳಿಯ ಗುಹೆಯಲ್ಲಿರುವ, 1994ರಲ್ಲಿ ಶಾಸ್ತ್ರೀಯವಾಗಿ ಹೆಸರು ಪಡೆದ ಎಲೆಮೂಗಿನ ಬಾವಲಿಯ ಕೂಗನ್ನೂ ಹೀಗೆ ದಾಖಲಿಸಿದ್ದಾರೆ. ಅದರ ಸಂಖ್ಯೆ 200ಕ್ಕೂ ಕಡಿಮೆಯೆಂದು ಅಂದಾಜು. ಅದರ ನೆಲೆಗೆ ಕಲ್ಲುಗಣಿಗಾರಿಕೆಯೇ ದೊಡ್ಡ ಅಪಾಯವಾಗಿ ಬಂದಿತು.